ಎಕ್ಸ್-ಶೋರೂಂಗೂ ಆನ್-ರೋಡಿಗೂ ನಡುವೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬೈಕ್ ಶೋಕಿಯ ವಸ್ತುವಾಗುವ ಮೊದಲು ಮನೆಯ ದುಡಿಮೆಯ ವಾಹನ. ಇಲ್ಲಿ ಮುಖ್ಯ ರಾಷ್ಟ್ರೀಯ ಹೆದ್ದಾರಿಗಳು ಎರಡು. ಒಂದು, ಮಾಣಿಯಿಂದ ಹೊರಟು ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮೈಸೂರಿಗೆ ಹೋಗುವ 275. ಇನ್ನೊಂದು, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯದ ಮೇಲೆ ಶಿರಾಡಿ ಘಾಟಿ ಹತ್ತುವ 75. ಊರು ಇರುವುದು ಇವೆರಡರಿಂದ ಒಳಗೆ, ತೋಟ–ಗುಡ್ಡಗಳ ನಡುವೆ ಚದುರಿದ ಒಂಟಿ ಮನೆಗಳಲ್ಲಿ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಂಡೊಯ್ಯುವುದು, ಪೇಟೆಯಿಂದ ಹಿಂಡಿ ಮೂಟೆ ತರುವುದು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ತರುವುದು, ಮಕ್ಕಳನ್ನು ಬಸ್ಸಿನ ರಸ್ತೆಗೆ ಮುಟ್ಟಿಸುವುದು ಎಲ್ಲವೂ ಎರಡು ಚಕ್ರದ ಮೇಲೆಯೇ. ಕಾಂಕ್ರೀಟು ಮುಗಿದ ಮೇಲೆ ಬರುವ ಚಡಾವನ್ನು ಮಳೆಗಾಲದಲ್ಲಿ ಹಿಂದೊಬ್ಬರನ್ನು ಕೂರಿಸಿಕೊಂಡು ಹತ್ತಬೇಕು. ಹೀಗಾಗಿ ಇಲ್ಲಿನವರು ಶೋರೂಂನಲ್ಲಿ ಕೇಳುವ ಪ್ರಶ್ನೆಗಳು ಸರಳ: ಲೋಡ್ ಎಳೆಯುತ್ತದೋ, ಮೈಲೇಜ್ ಎಷ್ಟು, ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ, ಒಟ್ಟು ಎಷ್ಟಾಗುತ್ತದೆ. ಕೊನೆಯ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಸಿಗುವುದು ಅಪರೂಪ.

ಹಿಂದಿನ ತಲೆಮಾರಿನ ತೊಂದರೆ ಬೇರೆಯದು. ಲೈಸೆನ್ಸ್ ರಾಜ್ಯದ ಕಾಲದಲ್ಲಿ ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬೈಕಿನಲ್ಲಾದರೆ ಬುಲೆಟ್, ರಾಜ್‌ದೂತ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿ. ಅಲ್ಲಿಗೆ ಪಟ್ಟಿ ಮುಗಿಯುತ್ತಿತ್ತು. ಆಗ ಆಯ್ಕೆಯೇ ಇರಲಿಲ್ಲ. ಈಗ ಆಯ್ಕೆ ಕಂಪನಿಯ ಜಾಹೀರಾತಿನಲ್ಲಿ ಧಾರಾಳವಾಗಿದೆ, ಪೇಟೆಯ ಶೋರೂಂನಲ್ಲಿ ಮಾತ್ರ ಇಲ್ಲ. ಒಂದೇ ಹೆಸರಿನ 125 ಸಿಸಿ ಬೈಕ್ ಡ್ರಮ್ ಬ್ರೇಕ್, ಡಿಸ್ಕ್ ಬ್ರೇಕ್, ಬ್ಲೂಟೂತ್ ಇರುವುದು, ಇಲ್ಲದ್ದು ಎಂದು ನಾಲ್ಕೈದು ರೂಪಗಳಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ನಾಲ್ಕೈದು ಬಣ್ಣ. ಸಣ್ಣ ಪೇಟೆಯ ವ್ಯಾಪಾರಿ ಇವೆಲ್ಲವನ್ನೂ ತಂದಿಡಲಾರ. ಬೇಗ ಬಿಕರಿಯಾಗುವ ಒಂದೆರಡು ರೂಪ, ಕಪ್ಪು ಮತ್ತು ಕೆಂಪು ಬಣ್ಣ ಇಟ್ಟುಕೊಂಡಿರುತ್ತಾನೆ. ಬೇರೆ ಬೇಕೆಂದವರಿಗೆ ‘ಬುಕ್ ಮಾಡಿ, ಹದಿನೈದು ದಿನದಲ್ಲಿ ಬರುತ್ತದೆ’ ಎಂಬ ಉತ್ತರ. ಟೆಸ್ಟ್ ರೈಡಿಗೆ ಸಿಗುವ ಬೈಕ್ ಒಂದಾದರೆ ಕೊಳ್ಳಬೇಕಾದದ್ದು ಇನ್ನೊಂದು. ಪೇಟೆಯ ಸಮತಟ್ಟು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಓಡಿಸಿದರೆ ಮನೆಯ ಚಡಾವಿನಲ್ಲಿ ಎರಡನೇ ಗೇರಿನಲ್ಲಿ ಅದು ಏನು ಮಾಡೀತೆಂದು ತಿಳಿಯುವುದೂ ಇಲ್ಲ.

ಅಂಗಡಿಗಳಲ್ಲೂ ಎರಡು ತರ. ಕಂಪನಿಯೊಡನೆ ಒಪ್ಪಂದವಿರುವ ಅಧಿಕೃತ ಡೀಲರ್ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಇರುತ್ತಾನೆ. ಅವನಿಂದ ಗಾಡಿ ತಂದು ಮಾರುವ ಸಬ್ ಡೀಲರ್ ಒಳಗಿನ ಪೇಟೆಗಳಲ್ಲಿ. ದುಬಾರಿ ಬೈಕುಗಳ ಶೋರೂಂಗಳಂತೂ ಹೆಚ್ಚಾಗಿ ಮಂಗಳೂರಿನಲ್ಲೇ. ಗ್ರಾಹಕರ ಕಣ್ಣಿಗೆ ಎರಡೂ ಅಂಗಡಿಗಳು ಒಂದೇ: ಅದೇ ಬೋರ್ಡು, ಅದೇ ಬಣ್ಣ. ಕಾನೂನಿನ ಕಣ್ಣಿಗೆ ಹಾಗಲ್ಲ. ನೋಂದಣಿಯಾಗದ ವಾಹನವನ್ನು ಇಟ್ಟುಕೊಂಡು ರಸ್ತೆಗಿಳಿಸಲು ಬೇಕಾದ ಟ್ರೇಡ್ ಸರ್ಟಿಫಿಕೇಟ್ ಸಿಗುವುದು ತಯಾರಕರಿಂದ ಅಧಿಕಾರ ಪಡೆದ ಡೀಲರಿಗೆ. ಬಿಲ್ ಆಗುವುದೂ ವಾರಂಟಿ ದಾಖಲಾಗುವುದೂ ಅವನ ಹೆಸರಿನಲ್ಲಿ. ಸಬ್ ಡೀಲರ್ ಕೊಟ್ಟ ಮಾತು, ಬಾಯಲ್ಲಿ ಹೇಳಿದ ರಿಯಾಯಿತಿ, ‘ಫ್ರೀ’ ಎಂದ ಸೀಟ್ ಕವರ್ ಇವುಗಳಲ್ಲಿ ಯಾವುದೂ ಆ ಬಿಲ್ಲಿನಲ್ಲಿ ಕಾಣದಿದ್ದರೆ ಆಮೇಲೆ ಕೇಳಲು ಹೋದವರನ್ನು ಇಬ್ಬರೂ ಒಬ್ಬರ ಕಡೆ ಒಬ್ಬರು ಕೈತೋರಿಸಿ ಓಡಾಡಿಸುತ್ತಾರೆ.

ದೂರು ಹೆಚ್ಚು ಏಳುವುದು ಬೆಲೆಯ ವಿಷಯದಲ್ಲಿ. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವಂತೆ ಬೈಕಿನ ಮೈಮೇಲೆ ಎಂಆರ್‌ಪಿ ಅಚ್ಚಾಗಿರುವುದಿಲ್ಲ. ಕಂಪನಿ ಪ್ರಕಟಿಸುವುದು ಎಕ್ಸ್-ಶೋರೂಂ ಬೆಲೆ, ಗ್ರಾಹಕ ಕೊಡುವುದು ಆನ್-ರೋಡ್ ಬೆಲೆ. ಎರಡರ ನಡುವಿನ ಅಂತರದಲ್ಲಿ ಸರ್ಕಾರಕ್ಕೆ ಹೋಗುವುದಿದೆ, ವಿಮಾ ಕಂಪನಿಗೆ ಹೋಗುವುದಿದೆ, ಅಂಗಡಿಯಲ್ಲೇ ಉಳಿಯುವುದೂ ಇದೆ. ಮೂರನ್ನೂ ಒಂದೇ ಚೀಟಿಯಲ್ಲಿ ಬೆರೆಸಿ ಒಂದು ಮೊತ್ತ ಹೇಳುವ ಅಭ್ಯಾಸವೇ ಗೊಂದಲದ ಮೂಲ. ಅಂಗಡಿಯಲ್ಲಿ ಮಾತುಕತೆ ತುಳುವಿನಲ್ಲೋ ಅರೆಭಾಷೆಯಲ್ಲೋ ಹಿತವಾಗಿ ಸಾಗಿ, ಸಹಿ ಹಾಕಬೇಕಾದ ಕಾಗದ ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಮುಂದೆ ಬರುತ್ತದೆ.

ಸರ್ಕಾರದ ಪಾಲಿನಿಂದ ಲೆಕ್ಕ ಆರಂಭಿಸಬಹುದು. ಎಕ್ಸ್-ಶೋರೂಂ ಬೆಲೆಯೊಳಗೇ ಜಿಎಸ್‌ಟಿ ಇದೆ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಅಂದರೆ ತೆರಿಗೆಯ ಮೇಲೂ ತೆರಿಗೆ. 50,000 ರೂಪಾಯಿಗಿಂತ ಹೆಚ್ಚು, ಒಂದು ಲಕ್ಷದವರೆಗಿನ ದ್ವಿಚಕ್ರ ವಾಹನಕ್ಕೆ ಶೇ 12, ಒಂದು ಲಕ್ಷ ದಾಟಿದರೆ ಶೇ 18. ಮೇಲಿನ ಹಂತಕ್ಕೆ ಶೇ 18 ಬಂದದ್ದು 2017ರಲ್ಲಿ. ಆ ತೆರಿಗೆಯ ಮೇಲೆ ಶೇ 11 ಸೆಸ್ ಸೇರುವುದರಿಂದ ಗ್ರಾಹಕ ನಿಜವಾಗಿ ಕೊಡುವುದು ಮೊದಲ ಹಂತದಲ್ಲಿ ಶೇ 13.32, ಎರಡನೆಯದರಲ್ಲಿ ಶೇ 19.98. ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆಂದು 2024ರ ಡಿಸೆಂಬರಿನ ತಿದ್ದುಪಡಿ ಮಸೂದೆ ತಂದ 500 ರೂಪಾಯಿ ಬೇರೆ.

ಒಂದು ಲಕ್ಷದ ಈ ಗೆರೆ ವಿಚಿತ್ರ ಫಲ ಕೊಡುತ್ತದೆ. 99,000 ರೂಪಾಯಿಯ ಬೈಕಿಗೆ ಜೀವಾವಧಿ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 13,190 ಆಗುತ್ತದೆ. 1,01,000 ರೂಪಾಯಿಯದಕ್ಕೆ ಸುಮಾರು 20,180. ಬೆಲೆಯ ವ್ಯತ್ಯಾಸ ಎರಡು ಸಾವಿರ, ರಸ್ತೆಗಿಳಿಯುವಾಗಿನ ವ್ಯತ್ಯಾಸ ಒಂಬತ್ತು ಸಾವಿರ. ಡ್ರಮ್ ಬ್ರೇಕಿನ ರೂಪ ಗೆರೆಯ ಕೆಳಗೆ, ಡಿಸ್ಕ್ ಬ್ರೇಕಿನದ್ದು ಗೆರೆಯ ಮೇಲೆ ಬಿದ್ದರೆ ಸುರಕ್ಷಿತವಾದುದನ್ನು ಆರಿಸಿಕೊಂಡವನೇ ಹೆಚ್ಚು ತೆರಿಗೆ ಕಟ್ಟಬೇಕು. ಮಳೆಗಾಲ ನಾಲ್ಕು ತಿಂಗಳು ಹಿಡಿಯುವ ಘಟ್ಟದ ಬುಡದ ನಾಡಿಗೆ ಇದು ಸಣ್ಣ ಮಾತಲ್ಲ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 350 ಸಿಸಿ ಮೀರಿದವಕ್ಕೆ ಶೇ 40 ಆಯಿತು. ತೆರಿಗೆಗೆ ಮುಂಚಿನ ಬೆಲೆ 84,000 ಇರುವ ಬೈಕನ್ನು ತೆಗೆದುಕೊಂಡರೆ ಹಿಂದೆ ಎಕ್ಸ್-ಶೋರೂಂ 1,07,520 ಇದ್ದದ್ದು 99,120ಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, ಬೈಕ್ ಲಕ್ಷದ ಗೆರೆಯಿಂದ ಕೆಳಗೆ ಜಾರಿದ್ದರಿಂದ ಜೀವಾವಧಿ ತೆರಿಗೆಯಲ್ಲೂ ಎಂಟು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಜಾಹೀರಾತು ಹೇಳಿದ ಉಳಿತಾಯದ ಇಮ್ಮಡಿ ಗ್ರಾಹಕನ ಕೈಗೆ ಬರಬೇಕಾದ ಸಂದರ್ಭವಿದು. ಚೀಟಿಯ ಸಾಲುಗಳನ್ನು ಬಿಡಿಬಿಡಿಯಾಗಿ ನೋಡದವನಿಗೆ ಅದು ಪೂರ್ತಿ ಬಂತೋ, ನಡುವೆ ಇನ್ನಾವುದೋ ಸಾಲಿನಲ್ಲಿ ಸೋರಿತೋ ತಿಳಿಯುವ ದಾರಿಯಿಲ್ಲ.

ನೋಂದಣಿಯ ಖರ್ಚೆಂದು ಚೀಟಿಯಲ್ಲಿ ಎರಡು–ಮೂರು ಸಾವಿರ ಬರೆದಿರುವುದುಂಟು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬೈಕಿನ ನೋಂದಣಿ ಶುಲ್ಕ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200, ಸಾಲವಿದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 500. ಪೂರ್ತಿ ತಯಾರಾಗಿ ಬರುವ ಹೊಸ ಬೈಕನ್ನು ಈಗ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಾಗಿಲ್ಲ. ಡೀಲರ್ ಕೂತಲ್ಲಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಾನೆ. ಪುತ್ತೂರು ಕಚೇರಿಯ ಕೆಎ-21 ಸಂಖ್ಯೆ ಹಾಗೆಯೇ ಬರುತ್ತದೆ. ‘ಆರ್‌ಟಿಒ ಓಡಾಟದ ಖರ್ಚು’ ಎಂಬ ಸಾಲಿಗೆ ಹಾಗಾಗಿ ಹೆಚ್ಚು ಅರ್ಥವಿಲ್ಲ. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಆಧಾರವೇ ಇಲ್ಲ. ಗಾಡಿಯನ್ನು ಗೋದಾಮಿನಿಂದ ತಂದು ಒರೆಸಿ ನಿಲ್ಲಿಸುವುದು ಮಾರಾಟಗಾರನ ವ್ಯಾಪಾರದ ಭಾಗ, ಅದರ ಪ್ರತಿಫಲ ಅವನ ಕಮಿಷನ್ನಿನಲ್ಲಿದೆ.

ಎಕ್ಸ್‌ಟ್ರಾ ಫಿಟ್ಟಿಂಗ್ ಎಂಬ ಸಾಲು ಇನ್ನೂ ಸ್ವಾರಸ್ಯದ್ದು. ಸಾರಿ ಗಾರ್ಡ್, ಹಿಂಬದಿಯವರು ಹಿಡಿದುಕೊಳ್ಳುವ ಹ್ಯಾಂಡಲ್, ಕಾಲಿಡುವ ಫುಟ್‌ರೆಸ್ಟ್, ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಮ್ಯಾಟ್, ಟೆಫ್ಲಾನ್ ಕೋಟಿಂಗ್ ಎಲ್ಲವನ್ನೂ ಒಂದು ‘ಕಿಟ್’ ಮಾಡಿ ನಾಲ್ಕೈದು ಸಾವಿರ ಎನ್ನುತ್ತಾರೆ. ಇವುಗಳಲ್ಲಿ ಮೊದಲ ಮೂರು ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಬೈಕಿನಲ್ಲಿ ಇರಲೇಬೇಕಾದವು. ಹಿಂಬದಿ ಸವಾರರಿಗೆ ಹಿಡಿ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಎಂದು ನಿಯಮ ಬಿಡಿಸಿ ಹೇಳುತ್ತದೆ. ನಿಯಮ 138ರ ಪ್ರಕಾರ ಬೈಕ್ ಮಾರುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನೂ ತಯಾರಕ ಒದಗಿಸಬೇಕು. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟನ್ನು ತಯಾರಕರೇ ಪೂರೈಸಿ ಡೀಲರ್ ಅಳವಡಿಸಬೇಕು, ಅದರ ಬೆಲೆ ವಾಹನದ ಬೆಲೆಯೊಳಗೇ ಸೇರಿದೆ. ಆದರೂ ಹೆಲ್ಮೆಟಿಗೆ ಒಂದು ಸಾವಿರ, ಪ್ಲೇಟಿಗೆ ಐನೂರು ಎಂದು ಚೀಟಿ ಬರೆಯುವ ಅಂಗಡಿಗಳಿವೆ. ಕೇಳಿದವರಿಗೆ ಸಾಲು ಹೊಡೆದುಹಾಕುತ್ತಾರೆ, ಕೇಳದವರಿಗೆ ಇಲ್ಲ. ಒಂದೇ ದಿನ ಒಂದೇ ಬೈಕ್ ಕೊಂಡ ಇಬ್ಬರು ನೆರೆಮನೆಯವರ ಆನ್-ರೋಡ್ ಬೆಲೆಯಲ್ಲಿ ವ್ಯತ್ಯಾಸ ಬರುವುದು ಹೀಗೆ.

ಮೂಲವಸ್ತುವನ್ನೇ ‘ಎಕ್ಸ್‌ಟ್ರಾ’ ಮಾಡುವುದು ಸಣ್ಣ ಪೇಟೆಯ ಚಾಳಿ ಮಾತ್ರವಲ್ಲ. ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಕೇಂದ್ರದ ಸಬ್ಸಿಡಿ ಸಿಗಬೇಕಾದರೆ ಬೆಲೆ ಒಂದು ಮಿತಿಯೊಳಗಿರಬೇಕೆಂಬ ಷರತ್ತಿದ್ದಾಗ ದೊಡ್ಡ ಕಂಪನಿಗಳು ಚಾರ್ಜರನ್ನೇ ಬೇರೆ ಮಾಡಿ ಮಾರಿದವು. 2023ರಲ್ಲಿ ಸರ್ಕಾರ ತಕರಾರು ತೆಗೆದ ಮೇಲೆ ಓಲಾ, ಏಥರ್, ಟಿವಿಎಸ್, ಹೀರೋ ಕಂಪನಿಗಳು ಗ್ರಾಹಕರಿಗೆ ಚಾರ್ಜರಿನ ಹಣ ಹಿಂದಿರುಗಿಸಲು ಒಪ್ಪಬೇಕಾಯಿತು.

ವಿಮೆಯ ಸಾಲಿನಲ್ಲಿ ಕಡ್ಡಾಯವೂ ಐಚ್ಛಿಕವೂ ಕಲಸಿಕೊಂಡಿವೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನಿನಲ್ಲಿ ಜಾರಿಗೆ ಬಂದ ಪಟ್ಟಿಯಂತೆ ಐದು ವರ್ಷಕ್ಕೆ 75ರಿಂದ 150 ಸಿಸಿವರೆಗೆ 3,851 ರೂಪಾಯಿ, 150ರಿಂದ 350 ಸಿಸಿವರೆಗೆ 7,365, ಅದಕ್ಕೂ ಮೇಲೆ 15,117. ಇದರ ಮೇಲೆ ಶೇ 18 ಜಿಎಸ್‌ಟಿ. ಬೈಕಿಗೇ ಆಗುವ ಹಾನಿಯ ವಿಮೆ, ಝೀರೋ ಡಿಪ್ರಿಸಿಯೇಷನ್, ರಸ್ತೆ ಬದಿಯ ನೆರವು ಮುಂತಾದವು ಗ್ರಾಹಕನ ಇಷ್ಟ. ಇವುಗಳ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮಾಲೀಕ–ಚಾಲಕನಿಗೆ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇಕು ನಿಜ, ಆದರೆ ಈಗಾಗಲೇ ಅಷ್ಟು ಮೊತ್ತದ ಅಂಥ ವಿಮೆ ಇದ್ದವರು ಹೊಸ ಬೈಕಿನ ಜೊತೆ ಮತ್ತೆ ಮಾಡಿಸಬೇಕಿಲ್ಲ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂದು ಒತ್ತಾಯಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಯೇ ಹೇಳುತ್ತದೆ. ಹೊರಗಿನಿಂದ ಮಾಡಿಸಿ ತರುತ್ತೇವೆ ಎಂದವರಿಗೆ ‘ಹಾಗಾದರೆ ಡೆಲಿವರಿ ತಡವಾಗುತ್ತದೆ’, ‘ಕ್ಲೇಮ್ ಬಂದಾಗ ನಾವು ನೋಡುವುದಿಲ್ಲ’ ಎಂಬ ಮಾತು ಕೇಳಿಬರುವುದು ಬೇರೆ ವಿಚಾರ.

ಅಡಿಕೆ ಮಾರಿದ ಹಣದಲ್ಲಿ ರೊಕ್ಕ ಕೊಟ್ಟು ಬೈಕ್ ತರುವವರು ಈಗಲೂ ಇದ್ದಾರೆ. ವಿಚಿತ್ರವೆಂದರೆ ಪೂರ್ತಿ ನಗದು ಕೊಡುತ್ತೇನೆ ಎನ್ನುವವನಿಗಿಂತ ಸಾಲ ಬೇಕು ಎನ್ನುವವನಿಗೆ ಶೋರೂಂನಲ್ಲಿ ಹೆಚ್ಚು ಉಪಚಾರ. ಫೈನಾನ್ಸ್ ಕಂಪನಿಯ ಮೇಜು ಶೋರೂಂನೊಳಗೇ ಇರುತ್ತದೆ, ಪ್ರತಿ ಸಾಲಕ್ಕೂ ಅಲ್ಲಿಂದ ಅಂಗಡಿಗೆ ಕಮಿಷನ್ ಬರುತ್ತದೆ. ‘ಶೇ 10 ಬಡ್ಡಿ’ ಎಂದಾಗ ಅದು ಹೆಚ್ಚಾಗಿ ಫ್ಲಾಟ್ ದರ: ತೀರಿಸುತ್ತ ಬಂದರೂ ಬಡ್ಡಿ ಮೊದಲಿನ ಪೂರ್ತಿ ಸಾಲದ ಮೇಲೆಯೇ. 90,000 ರೂಪಾಯಿಗೆ ಮೂರು ವರ್ಷಕ್ಕೆ 27,000 ಬಡ್ಡಿ, ತಿಂಗಳ ಕಂತು 3,250. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 18 ಬಡ್ಡಿಗೆ ಸಮ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯ ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರಿನಿಂದ ಕಡ್ಡಾಯ ಮಾಡಿದೆ. ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರ ಊರಾದ ಪುತ್ತೂರಿನ ಸುತ್ತ ಹಳ್ಳಿಹಳ್ಳಿಗೂ ಸಹಕಾರ ಸಂಘಗಳಿವೆ. ಶೋರೂಂನ ಮೇಜಿನಲ್ಲಿ ಸಹಿ ಹಾಕುವ ಮೊದಲು ಊರಿನ ಸಂಘದಲ್ಲಿ ದರ ವಿಚಾರಿಸುವವರು ಮಾತ್ರ ಕಡಿಮೆ.

ಬುಕ್ಕಿಂಗ್ ಮತ್ತು ಡೆಲಿವರಿಗೆ ಈ ಸೀಮೆಯದ್ದೇ ಒಂದು ಋತುಮಾನವಿದೆ. ಆಟಿ ತಿಂಗಳಲ್ಲಿ ಹೊಸ ವಾಹನ ಮನೆಗೆ ತರುವುದನ್ನು ಹಲವರು ತಪ್ಪಿಸುತ್ತಾರೆ. ಚೌತಿ ಕಳೆದು ಆಯುಧಪೂಜೆ, ದೀಪಾವಳಿ ಬರುವಾಗ ಎಲ್ಲರಿಗೂ ಒಟ್ಟಿಗೆ ಬೇಕು. ಪುತ್ತೂರಿನ ಮಹಾಲಿಂಗೇಶ್ವರನ ಎದುರೋ ಸುಳ್ಯದ ಚೆನ್ನಕೇಶವನ ಎದುರೋ ಕುಕ್ಕೆಯಲ್ಲೋ ಪೂಜೆ ಮಾಡಿಸಲು ದಿನ ಗೊತ್ತುಮಾಡಿದವನ ಬಳಿ ಚೌಕಾಸಿಯ ಶಕ್ತಿ ಉಳಿದಿರುವುದಿಲ್ಲ. ‘ನಾಳೆಯೇ ಬೇಕಾದರೆ ಈ ಬಣ್ಣ, ಈ ಕಿಟ್ ಸಮೇತ’ ಎಂದರೆ ಒಪ್ಪಲೇಬೇಕು. ಬುಕ್ಕಿಂಗ್ ರಸೀದಿಯ ಹಿಂಬದಿಯಲ್ಲಿ ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂಬ ಸಾಲು ಬೇರೆ ಇರುತ್ತದೆ. ವರ್ಷಾಂತ್ಯದ ರಿಯಾಯಿತಿಯಲ್ಲಿ ಇನ್ನೊಂದು ಸೂಕ್ಷ್ಮ: ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲಿ ದಾಖಲಾಗುವುದರಿಂದ ಜನವರಿಯಲ್ಲಿ ತಂದ ಕಳೆದ ವರ್ಷದ ಬೈಕ್ ಮಾರುವಾಗ ಒಂದು ವರ್ಷ ಹಳತಾಗಿಯೇ ಎಣಿಕೆಗೆ ಬರುತ್ತದೆ. ರಿಯಾಯಿತಿ ಅಷ್ಟಾದರೂ ತುಂಬಿಕೊಡಬೇಕು.

ಗಡಿಯಾಚೆಯ ಕಾಸರಗೋಡು ಕಡೆ ಕಡಿಮೆ ಬೆಲೆಗೆ ಸಿಗುತ್ತದೆ ಎಂಬ ಮಾತು ಸುಳ್ಯದ ಕಡೆ ಆಗಾಗ ಹುಟ್ಟುತ್ತದೆ. ಕರ್ನಾಟಕದಲ್ಲಿ ವಾಸಿಸುವವರು ಬೈಕನ್ನು ನೋಂದಾಯಿಸಬೇಕಾದದ್ದು ಕರ್ನಾಟಕದಲ್ಲೇ, ತೆರಿಗೆ ಕಟ್ಟಬೇಕಾದದ್ದೂ ಇಲ್ಲಿಯೇ. ಹಾಗಾಗಿ ಆ ದಾರಿಯಲ್ಲಿ ಉಳಿತಾಯ ಕಾಣುವುದು ಕಷ್ಟ. ರಾಜ್ಯದೊಳಗೆ ಮಾತ್ರ 2019ರ ಕಾಯ್ದೆ ತಿದ್ದುಪಡಿ ಒಂದು ಸಡಿಲ ಕೊಟ್ಟಿದೆ: ರಾಜ್ಯದ ಯಾವುದೇ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು. ಆದ್ದರಿಂದ ಪುತ್ತೂರು, ಮಂಗಳೂರು, ಮಡಿಕೇರಿ ಶೋರೂಂಗಳ ದರ ಹೋಲಿಸಿ ನೋಡಲು ಅಡ್ಡಿಯಿಲ್ಲ.

ಬೈಕ್ ಮನೆಗೆ ಬಂದ ಮೇಲಿನ ಕಷ್ಟ ಸರ್ವಿಸಿನದ್ದು. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದು ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಕಾಲ ಶುರುವಾಯಿತು. ಅದುವರೆಗೆ ಬೆಳ್ಳಾರೆಯಲ್ಲೋ ಗುತ್ತಿಗಾರಿನಲ್ಲೋ ಆಲಂಕಾರಿನಲ್ಲೋ ರಸ್ತೆ ಬದಿಯ ಗ್ಯಾರೇಜಿನವರು ಕಿವಿಗೊಟ್ಟು ಸದ್ದು ಕೇಳಿ, ಒಂದು ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದ ತೊಂದರೆಗೆ ಈಗ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇರುವುದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ, ಸೆಂಸರ್ ಬರಬೇಕಾದದ್ದು ಮಂಗಳೂರು ಅಥವಾ ಬೆಂಗಳೂರಿನಿಂದ. ಹೊಸ ಬೈಕಿನ ಫ್ರೀ ಸರ್ವಿಸುಗಳನ್ನು ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲೋ ಅದರೊಳಗೆ ಮಾಡಿಸಬೇಕು. ತಪ್ಪಿದರೆ ವಾರಂಟಿಗೆ ಕುತ್ತು. ಒಂದು ದಿನದ ಕೂಲಿ ಬಿಟ್ಟು ಮೂವತ್ತು–ನಲವತ್ತು ಕಿಲೋಮೀಟರ್ ಬಂದವನಿಗೆ ‘ಇವತ್ತು ಬುಕ್ಕಿಂಗ್ ತುಂಬಿದೆ, ಗಾಡಿ ಬಿಟ್ಟುಹೋಗಿ’ ಎಂದರೆ ವಾಪಸು ಹೋಗಲು ಬಸ್ಸನ್ನೇ ಹುಡುಕಬೇಕು. ಫ್ರೀ ಸರ್ವಿಸೆಂದರೂ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್, ವಾಟರ್ ವಾಶ್, ಪಾಲಿಶ್ ಸೇರಿ ಬಿಲ್ಲು ಬೆಳೆಯುತ್ತದೆ. ಯಾವ ಕೆಲಸ ಹೇಳಿದ್ದು, ಯಾವುದು ಮಾಡಿದ್ದು ಎಂಬುದಕ್ಕೆ ಜಾಬ್ ಕಾರ್ಡ್ ಒಂದೇ ದಾಖಲೆ. ಅದರ ಪ್ರತಿಯನ್ನು ಕೇಳಿ ಪಡೆಯುವವರು ವಿರಳ. ಸ್ಪ್ಲೆಂಡರ್, ಶೈನ್, ಟಿವಿಎಸ್ ಎಕ್ಸ್‌ಎಲ್‌ನಂಥ ಗಾಡಿಗಳು ಈ ಭಾಗದಲ್ಲಿ ಇಷ್ಟು ಕಾಣಲು ಮೈಲೇಜ್ ಎಷ್ಟು ಕಾರಣವೋ, ಊರಿನ ಗ್ಯಾರೇಜಿನವರಿಗೆ ಅವು ಗೊತ್ತು ಎಂಬುದೂ ಅಷ್ಟೇ ಕಾರಣ.

ಸರ್ವಿಸಿನ ಹತಾಶೆ ಎಲ್ಲಿಗೆ ಮುಟ್ಟಬಹುದೆಂದು ರಾಜ್ಯ ಕಂಡದ್ದು 2024ರ ಸೆಪ್ಟೆಂಬರಿನಲ್ಲಿ. ಕಲಬುರಗಿಯ ಗ್ರಾಹಕನೊಬ್ಬ ಹೊಸ ಎಲೆಕ್ಟ್ರಿಕ್ ಸ್ಕೂಟರ್ ಸರಿಯಾಗಲಿಲ್ಲವೆಂದು ಓಲಾ ಶೋರೂಂಗೇ ಬೆಂಕಿ ಹಚ್ಚಿದ. ಅದು ಅಪರಾಧ, ಬಂಧನವೂ ಆಯಿತು. ಮರುತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸ್ ಕೊಟ್ಟಾಗ ಒಂದು ವರ್ಷದಲ್ಲಿ ರಾಷ್ಟ್ರೀಯ ಸಹಾಯವಾಣಿಗೆ ಬಂದಿದ್ದ ದೂರುಗಳು ಹತ್ತು ಸಾವಿರ ದಾಟಿದ್ದವು.

ದೂರಿಗೆ ಇರುವ ಕ್ರಮಬದ್ಧ ದಾರಿ ಮೊದಲು ಡೀಲರಿಗೂ ಕಂಪನಿಗೂ ಬರವಣಿಗೆಯಲ್ಲಿ ತಿಳಿಸುವುದು, ಆಮೇಲೆ 1915 ಸಹಾಯವಾಣಿ, ಅದೂ ಆಗದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬೈಕ್ ಕೊಳ್ಳುವವರ ಗೋಳುಗಳಿಗೆಲ್ಲ ಹೆಸರಿದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತು, ಒಪ್ಪಿದ ಅವಧಿ ಮೀರಿ ತಡಮಾಡಿ ಬೆಲೆ ಏರುವಂತೆ ಮಾಡುವುದು ಇವೆರಡೂ ನಿರ್ಬಂಧಕ ವ್ಯಾಪಾರ ಪದ್ಧತಿಗಳು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಅಂಗಡಿ ಬೇರೆ ಜಿಲ್ಲೆಯದಾದರೂ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸುಳ್ಯ, ಕಡಬದ ಒಳ ಊರುಗಳಿಂದ ಮಂಗಳೂರಿಗೆ ಹೋಗಿಬರುವುದು ಒಂದು ದಿನದ ಕೆಲಸವಾದ್ದರಿಂದ ಆನ್‌ಲೈನ್‌ನಲ್ಲಿ ದೂರು ದಾಖಲಿಸುವ ವ್ಯವಸ್ಥೆ ಇಲ್ಲಿಯವರಿಗೆ ವಿಶೇಷ ಉಪಯೋಗದ್ದು. ಮೊದಲು ಇ-ದಾಖಿಲ್ ಹೆಸರಿನಲ್ಲಿದ್ದದ್ದು 2025ರಿಂದ ಇ-ಜಾಗೃತಿಯಾಗಿದೆ. ಆಯೋಗ ನೋಡುವುದು ಕಾಗದ: ಸಾಲುಸಾಲಾಗಿ ಬಿಡಿಸಿ ಬರೆದ ಕೊಟೇಶನ್, ಬುಕ್ಕಿಂಗ್ ರಸೀದಿ, ತೆರಿಗೆ ಬಿಲ್, ವಿಮಾ ಪತ್ರ, ಜಾಬ್ ಕಾರ್ಡ್. ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಗೀಚಿಕೊಟ್ಟ ಮೊತ್ತ ಅಲ್ಲಿ ಹೆಚ್ಚು ದೂರ ಒಯ್ಯದು. ದೂರು ಕೊಡಲು ಇರುವ ಅವಧಿ ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ.